ಯಾರೂ ನೋಡದಾಗ ಜಗತ್ತು ಇರುತ್ತದೆಯೇ?

ಪ್ರಶ್ನೆ: ನೋಡುವವರೆಗೆ ಕಣಕ್ಕೆ ನಿಶ್ಚಿತ ಜಾಗವೇ ಇಲ್ಲವೆಂದು ಕ್ವಾಂಟಂ ವಿಜ್ಞಾನ ಹೇಳುತ್ತದಂತೆ. ಹಾಗಾದರೆ ಜಗತ್ತು ನಮ್ಮ ಪ್ರಜ್ಞೆಯ ಸೃಷ್ಟಿಯೇ?
– ಓದುಗರು, ಕಡಿಯಾಳಿ

ಉತ್ತರ: ಅಲ್ಲ. 1999ರಲ್ಲಿ ವಿಯೆನ್ನಾದ ಆಂಟನ್ ಝೈಲಿಂಗರ್ ತಂಡ 60 ಇಂಗಾಲದ ಪರಮಾಣುಗಳಿರುವ ಅಣುಗಳೂ ಅಲೆಯಂತೆ, ಅಂದರೆ ನಿಶ್ಚಿತ ಜಾಗವಿಲ್ಲದಂತೆ, ವರ್ತಿಸುವುದನ್ನು ತೋರಿಸಿತು. ಮುಂದೆ ಇಂಥ ಅಣುಗಳ ದಾರಿಗೆ ಸ್ವಲ್ಪ ಅನಿಲ ಬಿಟ್ಟರು. ಅಲೆಯ ಗುರುತು ಮಸುಕಾಯಿತು. ಇಲ್ಲಿ ‘ನೋಡುವುದು’ ಎಂದರೆ ಇಷ್ಟೇ: ಅನಿಲದ ಕಣವೊಂದು ಢಿಕ್ಕಿ ಹೊಡೆದರೆ ಸಾಕು. ಮನುಷ್ಯನ ಕಣ್ಣೂ ಬೇಕಿಲ್ಲ, ಮನಸ್ಸೂ ಬೇಕಿಲ್ಲ. ಪ್ರಜ್ಞೆಗೆ ಇಲ್ಲಿ ಪಾತ್ರವಿದೆ ಎಂದು ವಾದಿಸಿದ್ದ ಭೌತವಿಜ್ಞಾನಿ ಯೂಜೀನ್ ವಿಗ್ನರ್ ಕೂಡ ಕೊನೆಗೆ ಆ ವಾದವನ್ನು ಕೈಬಿಟ್ಟರು.

ನಿಮಗೆ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು 13ನೇ ಶತಮಾನದಲ್ಲೇ ಜಗತ್ತು ಸತ್ಯ ಎಂದು ಗಟ್ಟಿಯಾಗಿ ವಾದಿಸಿದರು. ಅವರ ಪ್ರಕಾರ ನಮ್ಮೊಳಗಿನ ‘ಸಾಕ್ಷಿ’ ಅರಿವು ಸರಿಯೇ ಎಂದು ಪರೀಕ್ಷಿಸಿ ಒಪ್ಪುತ್ತದೆ. ಹೊರಗಿನ ವಸ್ತುವನ್ನು ಅದು ಹುಟ್ಟಿಸುವುದಿಲ್ಲ. ನನಗೆ ಬಹಳ ಹಿಡಿಸುವ ವಿಚಾರವಿದು.

ಹಾಗೆಂದು ಪ್ರಯೋಗಶಾಲೆ ಮಧ್ವರ ಮತವನ್ನು ಸಾಬೀತುಪಡಿಸಿತು ಎನ್ನುವುದು ತಪ್ಪು. ಅಳೆಯುವ ಮೊದಲೇ ಪ್ರತಿ ಕಣದ ಗುಣಗಳೂ ಅದರಲ್ಲೇ ನಿಗದಿಯಾಗಿರುತ್ತವೆ, ದೂರದ ಯಾವುದೂ ಅದನ್ನು ಥಟ್ಟನೆ ತಟ್ಟದು ಎಂಬ ಸರಳ ಚಿತ್ರವನ್ನು ಭೌತವಿಜ್ಞಾನಿಗಳಾದ ಝೈಲಿಂಗರ್, ಆಸ್ಪೆ, ಕ್ಲೌಸರ್ ಅವರ ಪ್ರಯೋಗಗಳು ಒಡೆದಿವೆ; 2022ರ ನೊಬೆಲ್ ಅದಕ್ಕೇ. ಜಗತ್ತು ಇದೆ, ಆದರೆ ನಾವು ಊಹಿಸಿದ ರೀತಿಯಲ್ಲಿಲ್ಲ.