ಪಾಠ ಹೇಳುವ ಯಂತ್ರ

ಉಪಾಧ್ಯಾಯರ ಕೆಲಸವನ್ನು ಯಂತ್ರಕ್ಕೆ ವಹಿಸುವ ಯೋಚನೆ ಹೊಸದೇನೂ ಅಲ್ಲ. 1960ರಲ್ಲಿಯೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಅವರ ಸಂಗಡಿಗರು ‘ಪ್ಲೇಟೊ’ ಎಂಬ ಏರ್ಪಾಡಿನಿಂದ ಗಣಕಯಂತ್ರದ ಮೂಲಕ ಪಾಠ ಹೇಳಿಸಿದರು. ಆದರೆ ಆ ಯಂತ್ರವು ಮನುಷ್ಯನು ಮೊದಲೇ ಬರೆದಿಟ್ಟುದನ್ನು ಮಾತ್ರ ಒಪ್ಪಿಸಬಲ್ಲುದಾಗಿತ್ತು. 2022ರ ನವೆಂಬರಿನಲ್ಲಿ ಹೊರಬಂದ ಚಾಟ್‌ಜಿಪಿಟಿಯ ರೀತಿಯೇ ಬೇರೆ. ಅಪಾರವಾದ ಬರಹರಾಶಿಯಿಂದ ಪದಗಳ ಸಂಬಂಧಗಳನ್ನು ಗ್ರಹಿಸಿ, ಮುಂದೆ ಯಾವ ಪದ ಬರುವ ಸಂಭವವೆಷ್ಟೆಂದು ಲೆಕ್ಕಹಾಕಿ ಅದು ಉತ್ತರವನ್ನು ಹೆಣೆಯುತ್ತದೆ. ಆದುದರಿಂದಲೇ ಅದರ ಮಾತು ನಿರರ್ಗಳ. ಒಮ್ಮೊಮ್ಮೆ ಅದರ ತಪ್ಪೂ ಅಷ್ಟೇ ನಿರರ್ಗಳ.

ಇಂತಹ ಯಂತ್ರದಿಂದ ವಿದ್ಯೆಯು ಬೆಳೆಯುವುದೆ, ಕುಗ್ಗುವುದೆ? ಇದಕ್ಕೆ ಉತ್ತರವನ್ನು ವಾದದಿಂದಲ್ಲ, ಪ್ರಯೋಗದಿಂದ ಹುಡುಕಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಹಂಸಾ ಬಸ್ತಾನಿ ಮತ್ತು ಅವರ ಸಹೋದ್ಯೋಗಿಗಳು 2023ರಲ್ಲಿ ಟರ್ಕಿ ದೇಶದ ಒಂದು ಪ್ರೌಢಶಾಲೆಯಲ್ಲಿ, ಸುಮಾರು ಒಂದು ಸಾವಿರ ವಿದ್ಯಾರ್ಥಿಗಳೊಡನೆ ಅಂತಹ ಪ್ರಯೋಗವನ್ನು ನಡೆಸಿದರು. ವಿಷಯ ಗಣಿತ. ಮೊದಲ ಗುಂಪಿಗೆ ಪುಸ್ತಕ, ಟಿಪ್ಪಣಿಗಳು ಮಾತ್ರ. ಎರಡನೆಯದಕ್ಕೆ ಕೇಳಿದೊಡನೆ ಉತ್ತರ ಕೊಡುವ ಯಂತ್ರ. ಮೂರನೆಯದಕ್ಕೆ ಉತ್ತರವನ್ನು ಬಿಟ್ಟುಕೊಡದೆ ಸುಳಿವನ್ನಷ್ಟೇ ಕೊಡುವ ಯಂತ್ರ. ಆ ಸುಳಿವುಗಳನ್ನು ರೂಪಿಸಲು ಉಪಾಧ್ಯಾಯರು ನೆರವಾಗಿದ್ದರು.

ಅಭ್ಯಾಸದ ಲೆಕ್ಕಗಳಲ್ಲಿ ಎರಡನೆಯ ಗುಂಪಿನ ಅಂಕಗಳು ಮೊದಲನೆಯದಕ್ಕಿಂತ ಶೇಕಡ 48ರಷ್ಟೂ, ಮೂರನೆಯದರ ಅಂಕಗಳು ಶೇಕಡ 127ರಷ್ಟೂ ಹೆಚ್ಚಾದುವು. ಆಮೇಲೆ ಯಂತ್ರವಿಲ್ಲದೆ ಪರೀಕ್ಷೆ ನಡೆಯಿತು. ಆಗ ಎರಡನೆಯ ಗುಂಪು ಮೊದಲನೆಯದಕ್ಕಿಂತ ಶೇಕಡ 17ರಷ್ಟು ಹಿಂದೆ ಬಿದ್ದಿತು! ಮೂರನೆಯ ಗುಂಪಿಗೆ ಈ ನಷ್ಟ ಬಹುಮಟ್ಟಿಗೆ ತಪ್ಪಿತು. ಆದರೆ ಪುಸ್ತಕವನ್ನೇ ನೆಚ್ಚಿದವರನ್ನು ಅದು ಮೀರಿಸಲೂ ಇಲ್ಲ. ಎರಡನೆಯ ಗುಂಪಿನವರಿಗೆ ತಮ್ಮ ಕಲಿಕೆ ಕುಗ್ಗಿತೆಂಬ ಅರಿವೇ ಇರಲಿಲ್ಲವೆಂಬುದು ಎಲ್ಲಕ್ಕಿಂತ ಗಮನಾರ್ಹವಾದ ಸಂಗತಿ.

ಕಾರಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ನೇರವಾಗಿ ಮೇಲಕ್ಕೆಸೆದ ಕಲ್ಲು ತುತ್ತತುದಿಯಲ್ಲಿ ಕ್ಷಣಮಾತ್ರ ನಿಂತಾಗ ಅದರ ವೇಗೋತ್ಕರ್ಷವೆಷ್ಟು? ಸೊನ್ನೆಯೆಂದು ನಾಲಗೆಯ ತುದಿಗೆ ಬರುವುದು ಸಹಜ. ಸೆಕೆಂಡು ಸೆಕೆಂಡಿಗೆ 9.8 ಮೀಟರು, ಕೆಳಮುಖವಾಗಿ, ಎಂದು ಯಂತ್ರ ಹೇಳಿದರೆ ನಾವು ಬರೆದುಕೊಂಡು ಮುಂದೆ ಸಾಗುತ್ತೇವೆ. ‘ಸೊನ್ನೆಯಾದರೆ ಕಲ್ಲು ಅಲ್ಲಿಯೇ ನಿಲ್ಲಬೇಕಿತ್ತಲ್ಲ, ಕೆಳಗೆ ಬರುವುದೇಕೆ?’ ಎಂದು ನಮ್ಮ ಮನಸ್ಸೇ ತಡೆದು ಕೇಳಿದಾಗ ಮಾತ್ರ ತಪ್ಪು ಬೇರುಸಹಿತ ಹೋಗುತ್ತದೆ.

ಆದುದರಿಂದ ವಿದ್ಯಾರ್ಥಿಗಳು ಯಂತ್ರವನ್ನು ದೂರವಿಡಬೇಕಾಗಿಲ್ಲ. ಮೊದಲು ತಮ್ಮ ಉತ್ತರವನ್ನೂ ಅದರ ಕಾರಣವನ್ನೂ ಕಾಗದದ ಮೇಲೆ ಬರೆಯಲಿ; ಬಳಿಕ ಯಂತ್ರವನ್ನು ಸುಳಿವು ಕೇಳಲಿ; ಕೊನೆಗೆ ಅದನ್ನು ಮುಚ್ಚಿಟ್ಟು ಅದೇ ಬಗೆಯ ಬೇರೊಂದು ಲೆಕ್ಕವನ್ನು ಬಿಡಿಸಲಿ. ಸೋರೆಬುರುಡೆ ಕಟ್ಟಿಕೊಂಡು ನೀರಿಗಿಳಿದವನಿಗೆ ಈಜು ಬಂದಿತೋ ಇಲ್ಲವೋ ಎಂಬುದು ಬುರುಡೆಯನ್ನು ಬಿಚ್ಚಿದ ಮೇಲೆಯೇ ತಿಳಿಯತಕ್ಕದ್ದು.