ಸಂಗ್ರಹದ ಬೊಂಬೆ: ಖರ್ಚೋ, ಉಳಿತಾಯವೋ?

ಪ್ರಥಮ ಪರಮಪ್ರಸಾದದ ದಿನ ಮಕ್ಕಳ ಕೈಸೇರುವ ಲಕೋಟೆಗಳ ಹಣವನ್ನು ಏನು ಮಾಡಬೇಕೆಂಬುದು ಪಾಲಕರಿಗೆ ಹೊಸ ಪ್ರಶ್ನೆಯಲ್ಲ. ಹಿಂದೆ ಸೈಕಲ್ಲು, ಕೈಗಡಿಯಾರ ಎಂಬಲ್ಲಿಗೆ ಅದಕ್ಕೆ ಉತ್ತರ ದೊರೆಯುತ್ತಿತ್ತು. ಈಗಿನ ಮಕ್ಕಳು ಸಂಗ್ರಹದ ಆಟಿಕೆಗಳ ಹೆಸರು ಹೇಳುತ್ತಾರೆ. ಜೊತೆಗೆ, ಇದು ಖರ್ಚಲ್ಲ, ಮುಂದೆ ಬೆಲೆ ಏರುತ್ತದೆ ಎಂಬ ವಾದವನ್ನೂ ಮುಂದಿಡುತ್ತಾರೆ. ಚನ್ನಗಿರಿಯ ಅಡಕೆ ತೋಟದ ಮನೆಯಾಗಲಿ, ಮಳೆಯನ್ನೇ ನಂಬಿದ ಜಗಳೂರಿನ ಮನೆಯಾಗಲಿ, ಹೊನ್ನಾಳಿ ನ್ಯಾಮತಿಗಳ ನೌಕರರ ಮನೆಯಾಗಲಿ, ಆನ್‌ಲೈನ್ ಪಾರ್ಸೆಲ್ ಎಲ್ಲ ಬಾಗಿಲುಗಳಿಗೂ ಒಂದೇ ಬೆಲೆಗೆ ಬಂದು ನಿಲ್ಲುತ್ತದೆ. ಆ ಬೆಲೆಯ ಭಾರ ಮಾತ್ರ ಎಲ್ಲ ಮನೆಗಳಿಗೂ ಒಂದೇ ಅಲ್ಲ. ಆದಕಾರಣ ಮಕ್ಕಳ ವಾದವನ್ನು ಗದರಿಸಿ ತಳ್ಳಿಹಾಕದೆ ತೂಗಿ ನೋಡುವುದು ಲೇಸು.

ಹಾಂಗ್‌ಕಾಂಗ್ ಮೂಲದ ಕಲಾವಿದ ಕಾಸಿಂಗ್ ಲಂಗ್ 2015ರಲ್ಲಿ ರೂಪಿಸಿದ ಲಬೂಬು ಎಂಬ ಹಲ್ಲುಕಿರಿಯುವ ಬೊಂಬೆಯನ್ನು ಚೀನಾದ ಪಾಪ್ ಮಾರ್ಟ್ ಸಂಸ್ಥೆ ಮಾರುತ್ತಿದೆ. 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜೊಂದರಲ್ಲಿ 131 ಸೆಂಟಿಮೀಟರ್ ಎತ್ತರದ ಲಬೂಬು 10.8 ಲಕ್ಷ ಯುವಾನ್‌ಗೆ, ಅಂದರೆ ಸುಮಾರು 1.3 ಕೋಟಿ ರೂಪಾಯಿಗೆ ಹೋಯಿತು. ಮಕ್ಕಳು ಹೇಳುವುದು ಈ ಸುದ್ದಿಯನ್ನೇ. ಆದರೆ ಅವರು ಕೊಳ್ಳುವುದು ಅಂಗೈಯಗಲದ ಬೊಂಬೆ. ಅದೂ ಒಳಗೇನಿದೆ ಎಂದು ತಿಳಿಯದ ಮುಚ್ಚಿದ ಪೆಟ್ಟಿಗೆಯಲ್ಲಿ. ಕೆಲವು ಸರಣಿಗಳಲ್ಲಿ ಅಪರೂಪದ ಬೊಂಬೆ ಸಿಗುವ ಸಂಭವ 72ರಲ್ಲಿ ಒಂದು. ಹಾಗೆಂದು ಒಬ್ಬನು 72 ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ಕೊಂಡರೂ ಅದು ಸಿಕ್ಕೇ ಸಿಗುವುದೆಂಬ ಭರವಸೆಯಿಲ್ಲ. ಲೆಕ್ಕ ಹಾಕಿದರೆ, ಹಾಗೆ ಕೊಂಡ ನೂರು ಮಂದಿಯಲ್ಲಿ ಸುಮಾರು 36 ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. ಲಾಟರಿ ಚೀಟಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ತಂದೆತಾಯಿಯರು ಈ ಪೆಟ್ಟಿಗೆಯನ್ನು ತಾವೇ ಕೊಡಿಸುವುದು ಸೋಜಿಗವೇ ಸರಿ.

ಬೆಲೆ ಏರುವುದೆಂಬ ನಂಬಿಕೆಗೂ ಒಂದು ಚರಿತ್ರೆಯಿದೆ. ಅಮೆರಿಕದ ಟೈ ಎಂಬ ಕಂಪನಿ 1993ರಿಂದ ಬೀನಿ ಬೇಬೀಸ್ ಎಂಬ ಮೆತ್ತನೆಯ ಪುಟ್ಟ ಪ್ರಾಣಿಗಳನ್ನು ಐದು ಡಾಲರ್‌ನ ಆಸುಪಾಸಿನ ಬೆಲೆಗೆ ಮಾರಿತು. ಅಂಗಡಿಗಳಿಗೆ ಮಿತವಾಗಿ ಸರಬರಾಜು ಮಾಡುತ್ತ, ಆಗಾಗ ಒಂದೊಂದು ಪ್ರಾಣಿಯ ತಯಾರಿಕೆಯನ್ನು ನಿಲ್ಲಿಸಿದೆವೆಂದು ಸಾರುತ್ತ ಅದು ಅಭಾವವನ್ನು ತಾನೇ ಹುಟ್ಟಿಸಿತು. ಜನ ಮುಗಿಬಿದ್ದರು. 1999ರಲ್ಲಿ ಲಾಸ್ ವೇಗಸ್‌ನ ನ್ಯಾಯಾಲಯವೊಂದರಲ್ಲಿ ವಿಚ್ಛೇದಿತ ದಂಪತಿಗಳು ನೆಲದ ಮೇಲೆ ಕುಳಿತು ಈ ಬೊಂಬೆಗಳನ್ನು ಒಂದೊಂದಾಗಿ ಪಾಲು ಮಾಡಿಕೊಂಡ ಛಾಯಾಚಿತ್ರ ಇಂದಿಗೂ ಕಾಣಸಿಗುತ್ತದೆ. ಐವರು ಗಂಡುಮಕ್ಕಳ ತಂದೆಯೊಬ್ಬರು ಅವರ ಕಾಲೇಜು ಓದಿಗೆ ಆದೀತೆಂದು ಸುಮಾರು ಒಂದು ಲಕ್ಷ ಡಾಲರ್‌ಗಳನ್ನು ಬೊಂಬೆಗಳಲ್ಲೇ ತೊಡಗಿಸಿದ್ದರು. ಕೊಳ್ಳುವ ಹುಚ್ಚು ಇಳಿದಾಗ ಬೆಲೆಯೂ ಇಳಿಯಿತು. ಬೊಂಬೆಗಳು ಮಾತ್ರ ರಟ್ಟಿನ ಪೆಟ್ಟಿಗೆಗಳಲ್ಲಿ ಉಳಿದವು. ತಂದೆಯ ಉದ್ದೇಶ ಒಳ್ಳೆಯದೇ ಆಗಿತ್ತೆಂಬುದು ಇಲ್ಲಿನ ನೋವು.

ಬಂಗಾರವನ್ನು ಯಾವ ಪೇಟೆಯಲ್ಲಾದರೂ ಮಾರಬಹುದು. ಸಂಗ್ರಹದ ಬೊಂಬೆಗೆ ಜಗಳೂರಿನಲ್ಲಿ ಗಿರಾಕಿ ಯಾರು? ದೂರದವರನ್ನು ಹುಡುಕಿ, ಸಾಗಣೆ ವೆಚ್ಚ ಭರಿಸಿ, ಪೆಟ್ಟಿಗೆ ಮುಕ್ಕಾಗಿಲ್ಲವೆಂದೂ ಮಾಲು ಅಸಲಿಯೆಂದೂ ಒಪ್ಪಿಸಬೇಕು. ನಕಲಿಗಳ ಹಾವಳಿ ಎಷ್ಟೆಂದರೆ ಅವಕ್ಕೆ 'ಲಫೂಫು' ಎಂಬ ಹೆಸರೇ ಬಿದ್ದಿದೆ. ಅವುಗಳ ಭಾಗಗಳು ಕಳಚಿ ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದೆಂದು ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 2025ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಹರಿಹರದ ಆರೋಗ್ಯಮಾತೆಯ ಹಬ್ಬದ ಸಾಲಂಗಡಿಯಲ್ಲಿ ಕೊಂಡರೂ ಆ ಗುರುತನ್ನು ನೋಡಿಯೇ ಕೊಳ್ಳಬೇಕು.

ಹಾಗಾದರೆ ಬೊಂಬೆಗಳನ್ನು ಕೂಡಿಡುವುದೇ ವ್ಯರ್ಥವೇ? ಹಾಗೆನ್ನಲಾಗದು. ನೆರೆಮನೆಯವರ ದಸರಾ ಬೊಂಬೆಗಳೂ, ವರ್ಷಕ್ಕೊಂದರಂತೆ ಸೇರಿದ ನಮ್ಮ ಗೋದಲಿಯ ಕುರಿಗಳೂ ಸಂಗ್ರಹಗಳೇ. ಅವುಗಳ ಮಾರುಬೆಲೆಯನ್ನು ಯಾರೂ ಕೇಳುವುದಿಲ್ಲ. ಚನ್ನಗಿರಿಗೆ ಹೆಸರಿನಲ್ಲಿ ಮಾತ್ರ ಹತ್ತಿರವಾದ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಲೇತಿನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅಲ್ಲಿನ ಗಿಲಕಿಯೊಂದು ಅಣ್ಣನ ಕೈಯಿಂದ ತಂಗಿಯ ಕೈಗೆ ಬಂದರೆ, ಕೊಟ್ಟ ಹಣ ಎರಡು ಸಲ ಸಂದಂತೆ. ಅದೇ ರೀತಿ ಪುಟ್ಟ ಲೋಹದ ಕಾರನ್ನು ಹುಡುಗ ಅಂಗಳದಲ್ಲಿ ಓಡಿಸಿದರೆ ದುಡ್ಡು ದಂಡವಾಗಲಿಲ್ಲ. ಪೊಟ್ಟಣ ಬಿಚ್ಚದೆ ಗೋಡೆಗೆ ತೂಗುಹಾಕಿದಾಗ ಮಾತ್ರ ಅದು ಆಟಿಕೆಯೂ ಅಲ್ಲ, ಠೇವಣಿಯೂ ಅಲ್ಲ.

ಮಗು ಬಹಳ ಆಸೆಪಟ್ಟರೆ ಲಕೋಟೆಯ ಹಣದಲ್ಲಿ ಒಂದು ಸಣ್ಣ ಭಾಗವನ್ನು ಅದರ ಇಚ್ಛೆಗೇ ಬಿಡಿ. ಮುಚ್ಚಿದ ಪೆಟ್ಟಿಗೆಯ ಬದಲು ಕಣ್ಣಿಗೆ ಕಾಣುವ ಒಂದು ಬೊಂಬೆಯನ್ನು ತಾನೇ ಆರಿಸಿಕೊಳ್ಳಲಿ. ಉಳಿದ ಹಣಕ್ಕೆ ಅಂಚೆ ಕಚೇರಿಯಿದೆ. ಹತ್ತು ವರ್ಷ ತುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಲು 250 ರೂಪಾಯಿ ಸಾಕು. ಪಾಸ್‌ಬುಕ್ಕನ್ನು ಮಗುವಿನ ಕೈಗೇ ಕೊಟ್ಟು ಓದಿಸಿ.