ಮಲದ ಬಣ್ಣ ಕಪ್ಪಾದಾಗ

ಮಲದ ವಿಷಯವನ್ನಾಡಲು ಅನೇಕರು ಸಂಕೋಚಪಡುತ್ತಾರೆ. ಆಯುರ್ವೇದಕ್ಕೆ ಆ ಸಂಕೋಚವಿಲ್ಲ. ಅಷ್ಟವಿಧ ಪರೀಕ್ಷೆಯಲ್ಲಿ ನಾಡಿ, ಮೂತ್ರಗಳ ಬಳಿಕ ಮಲವೇ ಬರುತ್ತದೆ.

ಬೀಟ್‌ರೂಟ್ ತಿಂದ ಮರುದಿನ ಮಲ ಕೆಂಪಾದರೆ ಅಂಜಬೇಕಿಲ್ಲ. ರಕ್ತಹೀನತೆಗೆ ಕಬ್ಬಿಣದ ಮಾತ್ರೆಯನ್ನೋ ನಾವು ಕೊಡುವ ಮಂಡೂರ ಭಸ್ಮವನ್ನೋ ಸೇವಿಸುವಾಗ ಅದು ಕಪ್ಪಾಗುವುದೂ ಸಹಜವೇ. ಆದರೆ ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ತೀವ್ರ ದುರ್ಗಂಧದಿಂದ ಕೂಡಿದ ಮಲ ಬೇರೆಯೇ. ಜಠರದಲ್ಲೋ ಸಣ್ಣ ಕರುಳಿನ ಆರಂಭದಲ್ಲೋ ಸ್ರವಿಸಿದ ರಕ್ತವು ಕರುಳಿನಲ್ಲಿ ಸಾಗುತ್ತ ಮಾರ್ಪಟ್ಟು ಆ ಬಣ್ಣ ತಾಳುತ್ತದೆ. ಮಂಡಿನೋವಿಗೆಂದು ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುವ ಹಿರಿಯರಲ್ಲಿ ಇದನ್ನು ನಾವು ಕಂಡಿದ್ದೇವೆ. ಹೊಟ್ಟೆ ನೋಯುವುದಿಲ್ಲವಾದ್ದರಿಂದ ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿದು ಸುಮ್ಮನಿರುತ್ತಾರೆ! ಇಂಥ ಮಲ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ತಲೆಸುತ್ತು, ಏದುಸಿರು, ತಣ್ಣನೆಯ ಬೆವರು ಜೊತೆಗೂಡಿದರೆ ರಾತ್ರಿಯಾದರೂ ತಡಮಾಡಲಾಗದು. ಅದು ನಮ್ಮ ಕಷಾಯಗಳ ಸಮಯವಲ್ಲ.

ಕೆಂಪು ರಕ್ತ ಬಿದ್ದರೆ ಎಲ್ಲರೂ ಮೂಲವ್ಯಾಧಿಯೆಂದೇ ಬಗೆಯುತ್ತಾರೆ. ಹಲವು ಬಾರಿ ಅದು ನಿಜವೂ ಹೌದು. ಆದರೂ 50 ದಾಟಿದವರಲ್ಲಿ, ಅಥವಾ ಯಾವ ವಯಸ್ಸಿನವರಲ್ಲಾದರೂ ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾಗಿ ತೂಕವೂ ಇಳಿಯುತ್ತಿದ್ದರೆ, ದೊಡ್ಡ ಕರುಳಿನ ತಪಾಸಣೆಯಾಗಲೇಬೇಕು.

ವೈದ್ಯರಲ್ಲಿಗೆ ಹೋಗುವಾಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು, ಆಯುರ್ವೇದದವನ್ನೂ ಸೇರಿಸಿ, ಜೊತೆಗೊಯ್ಯಿರಿ.